ಅದುಮಿ ಕಟ್ಟಿ ಅಂದವಳು ನಾನೇ

ನಮ್ಮ ಆಸ್ಪತ್ರೆಯಲ್ಲಿ ನಾನು ಬಿಎಂಡಬ್ಲ್ಯೂ ಇನ್‌ಚಾರ್ಜ್. ಮೊದಲ ಸಲ ಮನೆಯಲ್ಲಿ ಹೇಳಿದಾಗ ನನ್ನ ತಮ್ಮ ಕಾರು ಕೊಟ್ಟಿದ್ದಾರೆ ಅಂದುಕೊಂಡಿದ್ದ. ಇದು ಬಯೋಮೆಡಿಕಲ್ ವೇಸ್ಟ್, ಅಂದರೆ ಆಸ್ಪತ್ರೆಯ ಕಸ. ಕೊಟ್ಟಿದ್ದು ನಾಲ್ಕು ಬಣ್ಣದ ಡಬ್ಬ, ಒಂದು ತೂಕದ ಯಂತ್ರ, ಒಂದು ರಿಜಿಸ್ಟರ್. ವಾರ್ಡ್ ಕೆಲಸದ ಜೊತೆಗೇ ಇದೂ. ಸಂಬಳ ಅಷ್ಟೇ.

ಆ ತಿಂಗಳ ಮೀಟಿಂಗ್‌ನಲ್ಲಿ ಮ್ಯಾನೇಜರ್ ಎಲ್ಲರ ಮುಂದೆ ಕೇಳಿದರು, "ಕೆಂಪು ಕವರ್ ಇಷ್ಟೊಂದು ಯಾಕೆ ಸಿಸ್ಟರ್, ಅರ್ಧ ತುಂಬಿದ್ದನ್ನೇ ಕಟ್ಟಿ ಕಳಿಸ್ತೀರಾ?" ಮುಕ್ಕಾಲು ತುಂಬಿದ ಕೂಡಲೇ ಕಟ್ಟಬೇಕು ಸರ್ ಅಂತ ಹೇಳಬೇಕಿತ್ತು. ಸುಮ್ನೆ ತಲೆ ಆಡಿಸಿ ಬಂದೆ.

ಕಸದ ಗಾಡಿ ಬರೋದು ಬೆಳಿಗ್ಗೆ 8ಕ್ಕೆ. 7.45ಕ್ಕೆ ಹಿಂದಿನ ಶೆಡ್‌ನಲ್ಲಿ ನಾನು ಮತ್ತು ಆಯಾ ಅಕ್ಕ ಇಬ್ಬರೇ. ಬಾರ್‌ಕೋಡ್ ಅಂಟಿಸಬೇಕು, ತೂಕ ಬರೆಯಬೇಕು. ಐವಿ ಸೆಟ್, ಅಂದರೆ ಡ್ರಿಪ್ ಹಾಕುವ ಪ್ಲಾಸ್ಟಿಕ್ ಟ್ಯೂಬ್ ತುಂಬಿದ ಕೆಂಪು ಕವರ್ ಇದೆಯಲ್ಲ, ಅದು ಹತ್ತಿ ಹಾಸಿಗೆ ಥರ, ಒತ್ತಿದರೆ ಕೂರುತ್ತದೆ, ಬಿಟ್ಟರೆ ಏಳುತ್ತದೆ. "ಅಕ್ಕ, ಸ್ವಲ್ಪ ಅದುಮಿ ಕಟ್ಟಿ, ಇನ್ನೊಂದು ಕವರ್ ತೆಗೆಯೋದು ಬೇಡ" ಅಂದೆ. ರಿಜಿಸ್ಟರ್‌ನಿಂದ ತಲೆ ಕೂಡ ಎತ್ತದೆ.

"ಸೂಜಿ ಚುಚ್ತು ಸಿಸ್ಟರಮ್ಮ."

ಕೂಗಲಿಲ್ಲ, ಚೀರಲಿಲ್ಲ. ತಪ್ಪು ಮಾಡಿದವರ ಹಾಗೆ ಮೆಲ್ಲಗೆ ಹೇಳಿದರು. ಕವರ್ ಸೀಳಿಕೊಂಡು ಹೊರಗೆ ಬಂದಿತ್ತು, ಸ್ಕಾಲ್ಪ್ ವೇನ್ ಸೆಟ್, ರಕ್ತನಾಳಕ್ಕೆ ಹಾಕುವ ಸಣ್ಣ ಸೂಜಿ, ನೀಲಿ ರೆಕ್ಕೆಯದು, ಟ್ಯೂಬ್ ಸಮೇತ. ರಾತ್ರಿ ಶಿಫ್ಟ್‌ನವರು ಯಾರೋ ಟ್ಯೂಬ್ ಇದೆ ಅಂತ ಇಡೀ ಸೆಟ್ಟನ್ನೇ ಕೆಂಪಿಗೆ ಎಸೆದಿದ್ದರು. ಸೂಜಿ ಕತ್ತರಿಸಿ ಬಿಳಿ ಡಬ್ಬಕ್ಕೆ ಹಾಕಬೇಕು. ಆ ವಾರ್ಡ್‌ನ ಹಬ್ ಕಟರ್, ಸೂಜಿ ಕತ್ತರಿಸುವ ಸಾಧನ, ಕೆಟ್ಟು ಎಷ್ಟೋ ದಿನ ಆಗಿತ್ತು.

ಆಗ ನನ್ನ ಬಾಯಿಂದ ಬಂದ ಮೊದಲ ಮಾತು, "ದಪ್ಪ ಗ್ಲೌಸ್ ಹಾಕಿರಲಿಲ್ವಾ?" ಈಗಲೂ ನೆನಪಾದರೆ ಮುಖ ಬಿಸಿಯಾಗುತ್ತದೆ. ದಪ್ಪ ರಬ್ಬರ್ ಗ್ಲೌಸ್ ಹರಿದು ಮೂರು ವಾರ ಆಗಿತ್ತು, ಹೊಸದು ಬೇಕು ಅಂತ ಸ್ಟೋರ್‌ಗೆ ಇಂಡೆಂಟ್ ಬರೆದಿದ್ದೇ ನಾನು.

ಅಕ್ಕ ಬೆರಳನ್ನು ಬಾಯಿಗೆ ಇಡಲು ಹೋದರು. ಕೈ ಹಿಡಿದುಕೊಂಡೆ. ವಾರ್ಡ್ ಬಾಯ್ ಸ್ಪಿರಿಟ್ ಹಿಡಿದು ಓಡಿ ಬಂದ, ಇನ್ನೊಬ್ಬರು ಹಿಂಡಿ ರಕ್ತ ತೆಗೀರಿ ಅಂದರು. ಎರಡೂ ಬೇಡ. ನಲ್ಲಿ ನೀರು, ಸೋಪು, ಅಷ್ಟೇ. ಅದನ್ನು ಮಾತ್ರ ಸರಿ ಮಾಡಿದೆ.

ಆಮೇಲಿನ ಒಂದು ಗಂಟೆ ಹೇಗೆ ಕಳೆಯಿತೋ. ಯಾರ ಸೂಜಿ? ಎರಡು ವಾರ್ಡ್‌ನ ಕಸ ಒಂದೇ ಕವರ್‌ನಲ್ಲಿತ್ತು, ಅದೂ ನನ್ನ ಉಳಿತಾಯವೇ. ಬಾರ್‌ಕೋಡ್ ನೋಡಿದರೆ ಆಸ್ಪತ್ರೆ ಯಾವುದು ಅಂತ ಗೊತ್ತಾಗುತ್ತದೆ, ಪೇಷಂಟ್ ಯಾರು ಅಂತ ಅಲ್ಲ. ಡ್ಯೂಟಿ ಡಾಕ್ಟರ್ ಪಿಇಪಿ, ಅಂದರೆ ಎಚ್‌ಐವಿ ಹತ್ತದ ಹಾಗೆ ಕೊಡುವ ಮಾತ್ರೆ, ಶುರು ಮಾಡೋಣ ಅಂದರು. 72 ಗಂಟೆವರೆಗೆ ಅವಕಾಶ ಇದೆ ನಿಜ, ಆದರೆ 2 ಗಂಟೆಯೊಳಗೆ ಕೊಟ್ಟರೆ ಒಳ್ಳೆಯದು. ಮಾತ್ರೆ ಇದ್ದಿದ್ದು ಫಾರ್ಮಸಿ ಕಪಾಟಿನಲ್ಲಿ. ಬೀಗದ ಕೈ ರಾತ್ರಿ ಪಾಳಿಯವನ ಜೇಬಿನಲ್ಲಿ, ಅವನು ಬಸ್ಸಿನಲ್ಲಿ! ಮ್ಯಾನೇಜರ್ ಫೋನ್ ಮಾಡಿ ಮೊದಲು ಕೇಳಿದ್ದು, "ಫಾರ್ಮ್ 1 ತುಂಬಿದ್ರಾ?" ಅವಘಡ ವರದಿ ಮಾಡುವ ಫಾರ್ಮ್ ಅದು.

ಎಚ್‌ಐವಿ ಅಂತ ಎಲ್ಲರೂ ಹೆದರುತ್ತಾರೆ. ಸೋಂಕಿರುವವರ ಸೂಜಿ ಚುಚ್ಚಿದರೂ ಅದು ಹತ್ತೋದು ಸಾವಿರಕ್ಕೆ ಮೂರು ಸಲ. ನನಗೆ ಜಾಸ್ತಿ ಭಯ ಇದ್ದಿದ್ದು ಹೆಪಟೈಟಿಸ್ ಬಿ, ಲಸಿಕೆ ಆಗಿಲ್ಲದಿದ್ದರೆ ಅದು ನೂರಕ್ಕೆ 30ರವರೆಗೂ ಹೋಗಬಹುದು. ಫೈಲ್ ತೆಗೆದೆ. ಎರಡು ಡೋಸ್ ಆಗಿದೆ, ಮೂರನೆಯದರ ಜಾಗ ಖಾಲಿ. ನಡುವೆ ಹೌಸ್‌ಕೀಪಿಂಗ್ ಕಂಟ್ರಾಕ್ಟರ್ ಬದಲಾಗಿದ್ದ, ಅಕ್ಕ ಹೊಸ ಪಟ್ಟಿಗೆ ಹೋಗಿದ್ದರು. 2016ರ ಬಯೋಮೆಡಿಕಲ್ ವೇಸ್ಟ್ ನಿಯಮದಲ್ಲಿ ಈ ಕಸ ಮುಟ್ಟುವ ಎಲ್ಲರಿಗೂ ಲಸಿಕೆ ಹಾಕಿಸಬೇಕು ಅಂತಿದೆ. ಪರ್ಮನೆಂಟ್ ಅಂತಿಲ್ಲ, ಎಲ್ಲರಿಗೂ.

ಕೊನೆಗೆ ಮಾತ್ರೆ ಸಿಕ್ಕಿತು, 9.20ಕ್ಕೆ. ಲಸಿಕೆಯೂ ಅವತ್ತೇ ಆಯಿತು. ಅಕ್ಕ 28 ದಿನ ಮಾತ್ರೆ ನುಂಗಿದರು, ವಾಂತಿ ಬಂದಂತಾಗಿ ಊಟ ಬಿಟ್ಟರು. ಮನೆಯಲ್ಲಿ ಗ್ಯಾಸ್ ಮಾತ್ರೆ ಅಂತ ಹೇಳಿದ್ದರಂತೆ. ಆರು ತಿಂಗಳು ಟೆಸ್ಟ್ ನಡೆಯಿತು, ಎಲ್ಲ ನೆಗೆಟಿವ್.

ಇನ್ಸ್‌ಪೆಕ್ಷನ್ ಬರುತ್ತೆ ಅಂತ ಬಣ್ಣದ ಪೋಸ್ಟರ್ ಮಾಡಿಸಿ ಗೋಡೆ ತುಂಬ ಹಚ್ಚಿದ್ದಾರೆ. ಹಬ್ ಕಟರ್ ಒಂದು ಬಂತು, ಎರಡು ಕೇಳಿದ್ದೆ. ಅಕ್ಕ ಈಗ ಕವರ್ ಮುಕ್ಕಾಲು ತುಂಬುವ ಮೊದಲೇ ಗಂಟು ಹಾಕಿಬಿಡುತ್ತಾರೆ, ನನ್ನನ್ನು ಕೇಳುವುದೇ ಇಲ್ಲ. ಹೋದ ವಾರ ಸ್ಟೋರ್‌ನಿಂದ ಮತ್ತೆ ಫೋನ್ ಬಂದಿತ್ತು, ಕೆಂಪು ಕವರ್ ಯಾಕೆ ಇಷ್ಟು ಹೋಗ್ತಿದೆ ಅಂತ. ಬೆಳಿಗ್ಗೆ ಏಳೂ ಮುಕ್ಕಾಲಿಗೆ ಶೆಡ್ಡಿಗೆ ಬನ್ನಿ, ತೋರಿಸ್ತೀನಿ ಅಂದೆ. ಇನ್ನೂ ಬಂದಿಲ್ಲ.