ಹೆಬ್ಬಾಳದಲ್ಲಿ ಮೊದಲು ಜಾಗ ಉಳಿಸಿ

ಮೊನ್ನೆ ಅಮ್ಮನ ಜೊತೆ ಬೆಂಗಳೂರಿನ ಹಳದಿ ಮಾರ್ಗದ ಮೆಟ್ರೊದಲ್ಲಿ ಹೋಗ್ತಿದ್ದೆ. ಜಯದೇವ ನಿಲ್ದಾಣ ಬಂತು. ಅಮ್ಮ ಕಿಟಕಿಯಿಂದ ಕೆಳಗೆ ನೋಡಿ, "ಇಲ್ಲಿದ್ದ ಹಳೇ ಫ್ಲೈಓವರ್ ಎಲ್ಲಿ ಹೋಯ್ತೋ?" ಅಂತ ಕೇಳಿದರು.

ಅದನ್ನು 2020ರ ಜನವರಿಯಲ್ಲಿ ಒಡೆಯೋಕೆ ಶುರು ಮಾಡಿದರು. ಕಟ್ಟಿ ಇಪ್ಪತ್ತು ವರ್ಷವೂ ಆಗಿರಲಿಲ್ಲ. ಅದು ಹಾಳಾಗಿತ್ತು ಅಂತಲ್ಲ, ಕಟ್ಟುವಾಗ ಮೆಟ್ರೊಗೆ ಜಾಗ ಬಿಟ್ಟಿರಲಿಲ್ಲ, ಅಷ್ಟೇ. ಈಗ ಅದೇ ಜಾಗದಲ್ಲಿ ಅಂಡರ್‌ಪಾಸ್, ಅದರ ಮೇಲೆ ರಸ್ತೆ, ಅದರ ಮೇಲೆ ಹೊಸ ಫ್ಲೈಓವರ್, ಅದರ ಮೇಲೆ ಹಳದಿ ಮಾರ್ಗ, ಎಲ್ಲಕ್ಕಿಂತ ಮೇಲೆ ಗುಲಾಬಿ ಮಾರ್ಗ, ಹೀಗೆ ಐದು ಹಂತ ಎದ್ದು ನಿಂತಿದೆ. ನೋಡಿದರೆ ಹೆಮ್ಮೆ ಆಗುತ್ತೆ, ಸುಳ್ಳು ಹೇಳಲ್ಲ. ಆದರೆ ಒಂದೇ ಜಂಕ್ಷನ್‌ಗೆ ಎರಡು ಸಲ ದುಡ್ಡು ಹಾಕಿದ್ದೇವೆ, ಮತ್ತೆ ಕಟ್ಟೋ ತನಕ ವರ್ಷಗಟ್ಟಲೆ ಆ ಧೂಳಲ್ಲಿ ಜನ ಕಾದಿದ್ದಾರೆ.

ಮೂವತ್ತು ವರ್ಷದ ಸಾರಿಗೆ ಯೋಜನೆ ಅಂದ ತಕ್ಷಣ ನಮಗೆ ಬಣ್ಣಬಣ್ಣದ ಗೆರೆ ಇರೋ ನಕ್ಷೆ ನೆನಪಾಗುತ್ತೆ. ಎಷ್ಟು ಕಿಲೋಮೀಟರ್, ಎಷ್ಟು ಕೋಟಿ ಅಂತ ಕೇಳ್ತೇವೆ. ನನಗೆ ಅದಕ್ಕಿಂತ ಮುಖ್ಯ ಅನ್ನಿಸೋದು, ಮುಂದೆ ಬರೋ ಗೆರೆಗೆ ಇವತ್ತು ಎಲ್ಲಿ ಜಾಗ ಬಿಟ್ಟಿದ್ದೇವೆ ಅನ್ನೋದು. ರೈಲನ್ನು ಹತ್ತು ವರ್ಷ ಬಿಟ್ಟು ಕೊಂಡರೂ ನಡೆಯುತ್ತೆ. ಜಾಗ ಹಾಗಲ್ಲ. ಒಮ್ಮೆ ಅಲ್ಲಿ ಅಪಾರ್ಟ್‌ಮೆಂಟ್ ಎದ್ದರೆ ಮುಗೀತು.

ಬಸ್ಸಿಗೂ ಇದೇ ಮಾತು. 2019ರ ಕೊನೆಯಲ್ಲಿ ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದವರೆಗೆ ಹೊರವರ್ತುಲ ರಸ್ತೆಯಲ್ಲಿ ಬಸ್‌ಗೇ ಅಂತ ಒಂದು ಲೇನ್ ಬಿಟ್ಟಿದ್ದರು. ನಾನು ಆಗ ದಿನಾ ಆ ರಸ್ತೆಯ 500ಡಿ ಬಸ್ ಹತ್ತುತ್ತಿದ್ದೆ. ಪಕ್ಕದಲ್ಲಿ ಕಾರುಗಳು ನಿಂತೇ ಇರುತ್ತಿದ್ದವು, ನಮ್ಮ ಬಸ್ ಮಾತ್ರ ಮುಂದೆ ಹೋಗುತ್ತಿತ್ತು, ನಿಂತುಕೊಂಡು ಹೋಗ್ತಿದ್ದವರ ಮುಖದಲ್ಲೂ ಒಂದು ಖುಷಿ ಕಾಣ್ತಿತ್ತು. ಆಮೇಲೆ ಕೊರೊನಾ ಬಂತು, ಅದರ ಹಿಂದೆಯೇ ಅದೇ ರಸ್ತೆಯಲ್ಲಿ ಮೆಟ್ರೊ ಕೆಲಸ ಶುರುವಾಯ್ತು, ಲೇನ್ ಹೋಯ್ತು. ಮೆಟ್ರೊ ಬೇಕು, ಖಂಡಿತ ಬೇಕು. ಆದರೆ ಕಂಬ ಎಲ್ಲಿ ನಿಲ್ಲುತ್ತೆ ಅಂತ ಗುರುತು ಮಾಡುವಾಗಲೇ ಬಸ್ ಲೇನ್ ಎಲ್ಲಿ ಅನ್ನೋದನ್ನೂ ಗುರುತು ಮಾಡಬೇಕಲ್ವಾ?

ಉಪನಗರ ರೈಲಿನ ಕತೆ ಇನ್ನೂ ಉದ್ದ. ಮಾತು ಮೊದಲು ಬಂದಿದ್ದು 1983ರಲ್ಲಿ. ಕೇಂದ್ರ ಸಂಪುಟ ಒಪ್ಪಿದ್ದು 2020ರ ಅಕ್ಟೋಬರ್‌ನಲ್ಲಿ: ನಾಲ್ಕು ಮಾರ್ಗ, ಸುಮಾರು 148 ಕಿಲೋಮೀಟರ್. ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಅಂತ ಎಷ್ಟು ಚೆಂದದ ಹೆಸರು ಇಟ್ಟಿದ್ದಾರೆ! ಆ 37 ವರ್ಷದಲ್ಲಿ ಊರು ಎಷ್ಟು ಬೆಳೆದಿದೆ ಅಂತ ಇಲ್ಲಿ ಇರೋರಿಗೆ ಹೇಳಬೇಕಾಗಿಲ್ಲ.

ಈಗ ಊರಿನ ಉತ್ತರಕ್ಕಿರೋ ಹೆಬ್ಬಾಳಕ್ಕೆ ಬರ್ತೀನಿ, ಇದನ್ನೆಲ್ಲ ಬರೆಯೋಕೆ ಕೂತಿದ್ದೇ ಅದಕ್ಕೆ. ವಿಮಾನ ನಿಲ್ದಾಣದ ನೀಲಿ ಮಾರ್ಗ ಅಲ್ಲೇ ಹೋಗುತ್ತೆ. 2024ರ ಆಗಸ್ಟ್‌ನಲ್ಲಿ ಒಪ್ಪಿಗೆ ಸಿಕ್ಕ ಮೂರನೇ ಹಂತದ ಮಾರ್ಗ, ಜೆ.ಪಿ. ನಗರದಿಂದ ಕೆಂಪಾಪುರಕ್ಕೆ ಹೋಗೋದು, ಅದೂ ಅಲ್ಲಿಗೇ ಬರುತ್ತೆ. ಸರ್ಜಾಪುರದಿಂದ ಬರಬೇಕಾದ ಮಾರ್ಗ ಮುಗಿಯೋದೂ ಅಲ್ಲೇ. ಉಪನಗರ ರೈಲಿನ ಮಲ್ಲಿಗೆ ಮಾರ್ಗಕ್ಕೂ ಅಲ್ಲಿ ನಿಲ್ದಾಣ ಇದೆ. ಬಸ್ಸುಗಳಂತೂ ಇದ್ದೇ ಇವೆ. ಇವೆಲ್ಲ ಸೇರೋ ನಿಲ್ದಾಣಕ್ಕೆ ಸುಮಾರು 45 ಎಕರೆ ಬೇಕು ಅಂತ ಮೆಟ್ರೊ ನಿಗಮ ಕೇಳಿತ್ತು. ಜಾಸ್ತಿ ಅನ್ನಿಸಬಹುದು. ಆದರೆ ಬೆಳಗ್ಗೆ ಒಂಬತ್ತು ಗಂಟೆಗೆ ಮಗುವನ್ನು ಎತ್ತಿಕೊಂಡು, ಬ್ಯಾಗ್ ಹಿಡಿದುಕೊಂಡು, ರೈಲಿಳಿದು ಮೆಟ್ರೊ ಹತ್ತಬೇಕಾದವರನ್ನು ನೆನೆಸಿಕೊಳ್ಳಿ. ಅವರು ರಸ್ತೆ ದಾಟದೆ, ಮೂರು ಕಡೆ ಮೆಟ್ಟಿಲು ಹತ್ತಿ ಇಳಿಯದೆ, ಒಂದೇ ಸೂರಿನಡಿ ಹೋಗೋ ಹಾಗೆ ಆಗಬೇಕು. ಅದಕ್ಕೆ ಜಾಗ ಈಗಲೇ ಬೇಕು, ಪೂರ್ತಿ ಬೇಕು. ಅದರಲ್ಲಿ ಹತ್ತು ಎಕರೆ ಬೇರೆ ಯಾವುದಕ್ಕೋ ಹೋಯ್ತು ಅಂತ ಆಮೇಲೆ ಕೇಳೋ ಹಾಗಾಗಬಾರದು.

ಅಮ್ಮನಿಗೆ ಇಷ್ಟೆಲ್ಲ ಹೇಳಿ ಮುಗಿಸೋ ಹೊತ್ತಿಗೆ ರೈಲು ಸಿಲ್ಕ್ ಬೋರ್ಡ್ ದಾಟಿತ್ತು. "ಹಾಗಾದ್ರೆ ಹೆಬ್ಬಾಳದ ಫ್ಲೈಓವರ್ ಉಳಿಯುತ್ತೇನೋ?" ಅಂದರು.