ಮಲ್ಲಿನ ಬಾಚೋ ಕೆಲಸ, ಹನ್ನೊಂದನೇ ವಾರ

ಜೂನ್ ಮೊದಲನೇ ವಾರ ಸಾಗರದ ನಮ್ಮತ್ತೆ ತಮ್ಮ ಮಗಳ ಮನೆಗೆ ಅಂತ ಹುಬ್ಬಳ್ಳಿಗೆ ಹೋದಾಗ ಅವರ ಬೆಕ್ಕು ಮಲ್ಲಿ ಶಿವಮೊಗ್ಗಕ್ಕೆ ನಮ್ಮನೆಗೆ ಬಂದ್ಲು. ವಯಸ್ಸು ಹನ್ನೆರಡು, ಪರ್ಷಿಯನ್ ಅನ್ನೋ ಉದ್ದ ಕೂದಲಿನ ತಳಿಯ ಮಿಕ್ಸ್, ಮೈಯೆಲ್ಲಾ ಬಿಳಿ ಬಾಲ ಮಾತ್ರ ಬೂದಿ. ನೋಡಿದ್ರೆ ಗುಂಡುಗುಂಡಗೆ ಇದ್ಲು, ಎತ್ಕೊಂಡ್ಮೇಲೆ ಗೊತ್ತಾಯ್ತು ಅದು ಮೈ ಅಲ್ಲ, ಬರೀ ಸಿಕ್ಕುಗಟ್ಟಿದ ಕೂದಲು. ಕಿವಿ ಹಿಂದೆ, ಕಂಕುಳಲ್ಲಿ, ಸೊಂಟದ ಮೇಲೆ ತೆಂಗಿನ ನಾರಿನ ಥರ ಹೆಣ್ಕೊಂಡು ಕೂತಿತ್ತು. ಫೋನಲ್ಲಿ ಅತ್ತೆ "ಬೆಕ್ಕು ತನ್ನ ಮೈ ತಾನೇ ನೆಕ್ಕೊಳ್ಳುತ್ತೆ ಕಣೇ, ಅದಕ್ಕೆ ಯಾರಾದ್ರೂ ತಲೆ ಬಾಚ್ತಾರಾ" ಅಂದ್ರು. ನಾನೂ ಅಷ್ಟು ದಿನ ಹಾಗೇ ಅನ್ಕೊಂಡಿದ್ದೆ.

ಬೆಕ್ಕಿನ ನಾಲಿಗೆ ಮೇಲೆ ಗಂಟಲ ಕಡೆ ಬಾಗಿರೋ ಸಣ್ಣ ಸಣ್ಣ ಮುಳ್ಳು ಇರ್ತವೆ, ಅವು ಕೂದಲ ಬುಡದ ತನಕ ಎಂಜಲು ತಲುಪಿಸ್ತವೆ. 2018ರಲ್ಲಿ ಅಮೆರಿಕದ ಜಾರ್ಜಿಯಾ ಟೆಕ್ ವಿಶ್ವವಿದ್ಯಾಲಯದೋರು ಇದನ್ನ ಅಳತೆ ಮಾಡಿ ನೋಡಿದಾಗ ಪರ್ಷಿಯನ್ ಕೂದಲಿಗೆ ಮಾತ್ರ ಆ ಮುಳ್ಳು ಬುಡ ಮುಟ್ಟೋದಿಲ್ಲ ಅಂತ ಕಂಡುಬಂತು. ಅಂದ್ರೆ ಮಲ್ಲಿ ಎಷ್ಟು ನೆಕ್ಕೊಂಡ್ರೂ ಒಳಗಿನ ಕೂದಲು ಒಳಗೇ ಉಳಿಯುತ್ತೆ, ಜೊತೆಗೆ ವಯಸ್ಸಾಗಿ ಸೊಂಟ ತಿರುಗಿಸೋಕೂ ಆಗ್ತಿಲ್ಲ. ಸೋಮಾರಿತನ ಅಲ್ಲ ಪಾಪ.

ಮೊದಲ ಮೂರು ವಾರ ಬರೀ ಸಿಕ್ಕಿನ ಕೆಲಸ. ಕತ್ತರಿ ತಗೊಂಡು ಕೂತೇಬಿಟ್ಟಿದ್ದೆ, ಪುಣ್ಯಕ್ಕೆ ಅದಕ್ಕೆ ಮುಂಚೆ ಡಾಕ್ಟ್ರಿಗೆ ಫೋನ್ ಮಾಡ್ದೆ. ಬೆಕ್ಕಿನ ಚರ್ಮ ತುಂಬಾ ತೆಳು, ಗಂಟು ಎಳೆದ್ರೆ ಚರ್ಮಾನೂ ಅದರ ಜೊತೆ ಮೇಲೆ ಬರುತ್ತೆ, ಕತ್ತರಿ ಹಾಕಿದ್ರೆ ಕೂದಲ ಜೊತೆ ಚರ್ಮಾನೂ ಕಟ್ ಆಗುತ್ತೆ ಅಂತ ಬೈದ್ರು. ಸೊಂಟದ ಮೇಲಿನ ದೊಡ್ಡ ಎರಡು ಗಂಟನ್ನ ಅವರೇ ಟ್ರಿಮ್ಮರ್‌ನಲ್ಲಿ ತೆಗೆದ್ರು, ಕೆಳಗೆ ಚರ್ಮ ಕೆಂಪಗೆ ಒದ್ದೆ ಒದ್ದೆಯಾಗಿತ್ತು, ಅದನ್ನ ನೋಡಿ ಕಣ್ಣಲ್ಲಿ ನೀರು ಬಂತು. ಉಳಿದ ಸಣ್ಣವನ್ನ ಮನೇಲೇ ಬಿಡಿಸ್ದೆ. ಚಿಟಿಕೆ ಕಾರ್ನ್‌ಫ್ಲೋರ್ ಉದುರಿಸೋದು, ಬುಡ ಎರಡು ಬೆರಳಲ್ಲಿ ಗಟ್ಟಿ ಹಿಡ್ಕೊಳ್ಳೋದು, ಚರ್ಮ ಎಳೀಬಾರ್ದು ಅಂತ, ಆಮೇಲೆ ತುದಿಯಿಂದ ಸ್ವಲ್ಪ ಸ್ವಲ್ಪ ಬಿಡಿಸ್ತಾ ಬರೋದು. ದಿನಕ್ಕೆ ನಾಲ್ಕೇ ನಿಮಿಷ, ರಾತ್ರಿ ಊಟ ಆದ್ಮೇಲೆ. ಬಾಲ ಬಡಿಯೋಕೆ ಶುರು ಮಾಡಿದ್ಲು ಅಂದ್ರೆ ಅವತ್ತಿಗೆ ಮುಗೀತು.

ನಾಲ್ಕನೇ ವಾರ, ಮಳೆ ಜೋರು. ಬಾಚಣಿಗೇಲಿ ಕರಿಮೆಣಸಿನ ಪುಡಿ ಥರ ಏನೋ ಬಂತು. ಒದ್ದೆ ಮಾಡಿದ ಬಿಳಿ ಟಿಶ್ಯೂ ಮೇಲೆ ಉದುರಿಸ್ದೆ, ಒಂದು ನಿಮಿಷಕ್ಕೆ ಸುತ್ತ ಕೆಂಪುಕಂದು ಬಣ್ಣ ಹರಡ್ತು. ಮಣ್ಣಾಗಿದ್ರೆ ಹಾಗಾಗಲ್ಲ, ಅದು ಚಿಗಟದ ಹಿಕ್ಕೆ, ಒಳಗಿರೋದು ರಕ್ತ. ನೆಕ್ಕುವಾಗ ಚಿಗಟ ನುಂಗಿದ್ರೆ ಲಾಡಿಹುಳ ಆಗುತ್ತೆ, ಬಾಲದ ಕೆಳಗೆ ಅಕ್ಕಿಕಾಳಿನ ಥರ ತುಂಡು ಕಾಣುತ್ತೆ ಅಂತ ಅದನ್ನೂ ಚೆಕ್ ಮಾಡ್ದೆ, ಇರ್ಲಿಲ್ಲ. ಇದೊಂದು ದಯವಿಟ್ಟು ನೆನಪಿಟ್ಕೊಳ್ಳಿ, ನಾಯಿಗೆ ಹಾಕೋ ಚಿಗಟದ ಔಷಧೀಲಿ ಪರ್ಮೆಥ್ರಿನ್ ಅನ್ನೋ ಕೀಟನಾಶಕ ಇದ್ರೆ ಅದು ಬೆಕ್ಕಿನ ಜೀವಕ್ಕೇ ಕುತ್ತು, ಬೆಕ್ಕಿಗೆ ಅಂತಲೇ ಇರೋದನ್ನ ಡಾಕ್ಟ್ರ ಹತ್ರ ಕೇಳಿ ಹಾಕಿ.

ಆರನೇ ವಾರದ್ದು ನಾನು ಮರೆಯಲ್ಲ. ಮುಂಗಾಲು ಬಾಚ್ತಿದ್ದೆ, ಬಲಗಾಲಿನ ಒಳಪಕ್ಕ ಮೇಲೆ ಒಂದು ಹೆಬ್ಬೆರಳಿನ ಥರ ಉಗುರು ಇರುತ್ತಲ್ಲ, ಅಲ್ಲಿ ಕೂದಲು ಅಂಟಂಟಾಗಿತ್ತು. ಸರಿಸಿ ನೋಡಿದ್ರೆ ಉಗುರು ಪೂರ್ತಿ ಸುತ್ತಿ ಬಂದು ತುದಿ ಪಾದದ ಮೆತ್ತೆ ಒಳಗೇ ಚುಚ್ಕೊಂಡಿದೆ, ಸುತ್ತ ಕೀವು. ಆ ಉಗುರು ನೆಲಕ್ಕೆ ತಾಗಲ್ಲ, ವಯಸ್ಸಾದ ಬೆಕ್ಕುಗಳು ಕೆರೆಯೋದೂ ಕಮ್ಮಿ, ಹಾಗಾಗಿ ಸವೆಯೋದೇ ಇಲ್ಲ. ಎಷ್ಟು ದಿನದಿಂದ ಆ ನೋವು ಇಟ್ಕೊಂಡು ಓಡಾಡಿದ್ಲೋ, ಒಂದ್ಸಲಾನೂ ಕುಂಟಲಿಲ್ಲ. ಡಾಕ್ಟ್ರು ಕತ್ತರಿಸಿ ತೊಳೆದು ಆ್ಯಂಟಿಬಯೋಟಿಕ್ ಕೊಟ್ರು, ಹಾಗೇ ಸೊಂಟ ಒತ್ತಿ ನೋಡಿ ಕೀಲುನೋವು ಇದೆ ಅಂದ್ರು, ಅದಕ್ಕೂ ಔಷಧಿ ಶುರುವಾಯ್ತು. ಬೆಕ್ಕು ನೋವನ್ನ ಬಚ್ಚಿಡುತ್ತೆ. ದಿನಾ ಕೈಯಾಡಿಸಿದ್ರೆ ಮಾತ್ರ ಸಿಗುತ್ತೆ, ಬಾಚೋದ್ರಿಂದ ನನಗೆ ಸಿಕ್ಕಿರೋ ದೊಡ್ಡ ಲಾಭ ಇದೇ, ಕೂದಲು ಹೊಳೆಯೋದೆಲ್ಲಾ ಆಮೇಲೆ.

ಈಗ ಲೆಕ್ಕ. ಅಡುಗೆಮನೆ ತಕ್ಕಡೀಲಿ ಪ್ರತಿ ಭಾನುವಾರ ವಾರದ ಕೂದಲು ತೂಗ್ತೀನಿ, ಎರಡನೇ ವಾರ 14 ಗ್ರಾಂ ಇತ್ತು, ಈ ವಾರ 5. ಬಂದ ಹೊಸದ್ರಲ್ಲಿ ವಾರಕ್ಕೆ ಎರಡು ಸಲ ಕೂದಲುಂಡೆ ವಾಂತಿ ಮಾಡ್ತಿದ್ಲು, ಕಳೆದ ಮೂರು ವಾರದಲ್ಲಿ ಒಂದೇ ಸಲ. ಉಗುರು ಹದಿನೆಂಟನ್ನೂ ಹದಿನೈದು ದಿನಕ್ಕೊಮ್ಮೆ ನೋಡ್ತೀನಿ, ಒಳಗೆ ಗುಲಾಬಿ ಬಣ್ಣದ ನರ ಕಾಣೋ ಜಾಗ ಬಿಟ್ಟು ಬರೀ ತುದಿ ಮಾತ್ರ ಕಟ್. ಮೊನ್ನೆ ಅತ್ತೆಗೆ ವಿಡಿಯೋ ಕಾಲ್ ಮಾಡಿ ತೋರಿಸಿದ್ರೆ "ಅಯ್ಯೋ ಇದು ನಮ್ಮ ಮಲ್ಲೀನಾ, ಇಷ್ಟು ಸಣ್ಣ ಇದ್ಲಾ" ಅಂತ ಸ್ವಲ್ಪ ಹೊತ್ತು ಮಾತೇ ಆಡ್ಲಿಲ್ಲ.

ಬಾಕಿ ಇರೋದು ಹೊಟ್ಟೆ. ಅಲ್ಲಿ ಇನ್ನೂ ಎರಡು ಗಂಟಿದೆ, ಮುಟ್ಟೋಕೇ ಬಿಡಲ್ಲ. ಮುಂದಿನ ವಾರ ಬಾಚಣಿಗೆ ಇಲ್ದೆ ಬರೀ ಕೈ ಹಿಂಭಾಗದಿಂದ ಸವರಿ ಅಭ್ಯಾಸ ಮಾಡಿಸ್ಬೇಕು ಅಂತಿದೀನಿ.