ಕಾಪ್ರೇಕರರ ಲೆಕ್ಕಗಳ ನೋಟುಪುಸ್ತಕ: ಮೂರನೆಯ ತಿಂಗಳು

ದತ್ತಾತ್ರೇಯ ರಾಮಚಂದ್ರ ಕಾಪ್ರೇಕರರು ಸಂಖ್ಯೆಗಳಲ್ಲಿ ಕಂಡುಕೊಂಡ ಗುಣಗಳನ್ನು ಒಂದೊಂದಾಗಿ ನಾನೇ ಮಾಡಿ ನೋಡಬೇಕೆಂದು ಹಿಡಿದ ಕೆಲಸಕ್ಕೆ ಈಗ ಮೂರು ತಿಂಗಳಾಯಿತು. ಪ್ರತಿಯೊಂದು ಲೆಕ್ಕವನ್ನೂ ಮೊದಲು ಚೌಕುಳಿ ಹಾಳೆಯ ನೋಟುಪುಸ್ತಕದಲ್ಲಿ ಪೆನ್ಸಿಲಿನಿಂದ ಮಾಡುವುದು, ಆಮೇಲಷ್ಟೇ ಕಂಪ್ಯೂಟರಿನಲ್ಲಿ ಪರಿಶೀಲಿಸುವುದು ಎಂಬ ನಿಯಮವನ್ನು ಮೊದಲ ದಿನವೇ ಹಾಕಿಕೊಂಡಿದ್ದೆ. ಅದಕ್ಕೆ ಕಾರಣ ಕಾಪ್ರೇಕರರೇ. 1905ರಲ್ಲಿ ಡಹಾಣುವಿನಲ್ಲಿ ಹುಟ್ಟಿ, ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದುತ್ತಿದ್ದಾಗಲೇ, 1927ರಲ್ಲಿ, ರ‍್ಯಾಂಗ್ಲರ್ ಪರಾಂಜಪೆಯವರ ಹೆಸರಿನ ಗಣಿತ ಬಹುಮಾನ ಪಡೆದ ಅವರು, 1930ರಿಂದ 1962ರವರೆಗೆ ನಾಸಿಕದ ಬಳಿಯ ದೇವಳಾಲಿಯಲ್ಲಿ ಶಾಲಾ ಮೇಷ್ಟರಾಗಿದ್ದರು. ಸ್ನಾತಕೋತ್ತರ ಪದವಿಯಿಲ್ಲದೆ, ವಿಶ್ವವಿದ್ಯಾಲಯದ ಆಸರೆಯಿಲ್ಲದೆ, ಅವರು ಈ ಎಲ್ಲ ಗುಣಗಳನ್ನು ಹುಡುಕಿದ್ದು ಬರಿ ಕೈಲೆಕ್ಕದಿಂದ.

ಈ ತಿಂಗಳು ಪೂರ್ತಿ 6174ಕ್ಕೇ ಹೋಯಿತು. ಎಲ್ಲ ಅಂಕಿಗಳೂ ಒಂದೇ ಆಗಿರದ ಯಾವುದೇ ನಾಲ್ಕಂಕಿಯ ಸಂಖ್ಯೆಯನ್ನು ತೆಗೆದುಕೊಂಡು, ಅದರ ಅಂಕಿಗಳನ್ನು ಇಳಿಕೆ ಕ್ರಮದಲ್ಲಿಯೂ ಏರಿಕೆ ಕ್ರಮದಲ್ಲಿಯೂ ಜೋಡಿಸಿ, ದೊಡ್ಡದರಿಂದ ಚಿಕ್ಕದನ್ನು ಕಳೆದು, ಬಂದ ಉತ್ತರಕ್ಕೂ ಹಾಗೆಯೇ ಮಾಡುತ್ತ ಹೋದರೆ ಹೆಚ್ಚೆಂದರೆ ಏಳು ಹೆಜ್ಜೆಗಳಲ್ಲಿ 6174 ಸಿಗುತ್ತದೆ. ಅಲ್ಲಿಂದ ಮುಂದೆ ಎಷ್ಟು ಸಲ ಕಳೆದರೂ ಅದೇ ಉತ್ತರ. ಕಾಪ್ರೇಕರರು ಇದನ್ನು 1949ರಲ್ಲಿ ಮದರಾಸಿನ ಗಣಿತ ಸಮ್ಮೇಳನದಲ್ಲಿ ಮುಂದಿಟ್ಟರು.

ಮೊದಲ ಲೆಕ್ಕಕ್ಕೆ ಅವರು ಹುಟ್ಟಿದ ವರ್ಷವನ್ನೇ ತೆಗೆದುಕೊಂಡೆ. 9510ರಿಂದ 0159 ಕಳೆದರೆ 9351. ಅಲ್ಲಿಂದ ಕ್ರಮವಾಗಿ 8172, 7443, 3996, 6264, 4176, ಕೊನೆಗೆ 6174. ಸರಿಯಾಗಿ ಏಳು ಹೆಜ್ಜೆ. ಮಗ್ಗುಲ ಪುಟದಲ್ಲಿ ಅವರು ತೀರಿಕೊಂಡ 1986ನ್ನು ಬರೆದೆ. 9861ರಿಂದ 1689 ಕಳೆದಾಗ ಬಂದದ್ದು 8172! ಎಡಪುಟದಲ್ಲಿ ಎರಡನೆಯ ಹೆಜ್ಜೆಗೆ ಸಿಕ್ಕ ಸಂಖ್ಯೆಯೇ ಬಲಪುಟದಲ್ಲಿ ಮೊದಲ ಹೆಜ್ಜೆಗೆ ಸಿಕ್ಕಿತ್ತು, ಮುಂದಿನ ದಾರಿಯೆಲ್ಲ ಒಂದೇ. ಇದು ಕಾಕತಾಳೀಯವೆಂಬುದು ನನಗೆ ಗೊತ್ತು. ಆದರೂ ಎರಡು ಪುಟಗಳನ್ನು ಅಕ್ಕಪಕ್ಕ ತೆರೆದಿಟ್ಟುಕೊಂಡು ಆ ರಾತ್ರಿ ಬಹಳ ಹೊತ್ತು ಕುಳಿತಿದ್ದೆ.

ಆಮೇಲೆ 1000ದಿಂದ 9999ರವರೆಗಿನ ಎಲ್ಲ ಸಂಖ್ಯೆಗಳನ್ನೂ ಪರೀಕ್ಷಿಸಲು ಪೈಥಾನ್‌ನಲ್ಲಿ ಚಿಕ್ಕದೊಂದು ಪ್ರೋಗ್ರಾಂ ಬರೆದೆ. ಸೊನ್ನೆಗೆ ಬಂದು ನಿಲ್ಲಬೇಕಾದವು 1111, 2222 ಮುಂತಾದ ಒಂಬತ್ತು ಸಂಖ್ಯೆಗಳು ಮಾತ್ರ. ನನ್ನ ಪ್ರೋಗ್ರಾಂ 77 ಸಂಖ್ಯೆಗಳನ್ನು ಸೊನ್ನೆಗೆ ತಂದು ನಿಲ್ಲಿಸಿತ್ತು. ಎರಡು ಸಂಜೆ ಹುಡುಕಿದರೂ ತಪ್ಪು ಎಲ್ಲಿದೆಯೆಂದು ತಿಳಿಯಲಿಲ್ಲ. ಕೊನೆಗೆ ಆ ಪಟ್ಟಿಯಿಂದ 2111ನ್ನು ಆರಿಸಿ ಕಾಗದದ ಮೇಲೆ ಮಾಡಿದಾಗ ಕಾರಣ ಕಣ್ಣಿಗೆ ಬಿತ್ತು. 2111ರಿಂದ 1112 ಕಳೆದರೆ 999 ಬರುತ್ತದೆ. ಕೈಯಲ್ಲಿ ಬರೆಯುವಾಗ ಸಾವಿರದ ಸ್ಥಾನದಲ್ಲಿ ಸೊನ್ನೆ ತಾನಾಗಿ ಬಿದ್ದು 0999 ಆಗುತ್ತದೆ, ಮುಂದಿನ ಹೆಜ್ಜೆಯಲ್ಲಿ 9990ರಿಂದ 0999 ಕಳೆದು 8991 ಸಿಗುತ್ತದೆ. ಯಂತ್ರವಾದರೋ ಆ ಸೊನ್ನೆಯನ್ನು ಬಿಟ್ಟು, 999ರಿಂದ 999ನ್ನೇ ಕಳೆದಿತ್ತು. ಹೆಚ್ಚುವರಿಯಾಗಿದ್ದ 68 ಸಂಖ್ಯೆಗಳೂ 2111ರಂತೆ ಮೊದಲ ಹೆಜ್ಜೆಯಲ್ಲೇ 999ಕ್ಕೆ ಬರುವಂಥವು. ಉತ್ತರಕ್ಕೆ ನಾಲ್ಕು ಸ್ಥಾನ ತುಂಬುವಷ್ಟು ಸೊನ್ನೆ ಸೇರಿಸುವ ಒಂದು ಸಾಲು ಬರೆದ ಮೇಲೆ ಎಲ್ಲವೂ ಸರಿಹೋಯಿತು.

ಇಷ್ಟಾದರೂ ಪ್ರೋಗ್ರಾಂ ‘ಹೌದು’ ಎಂದು ಹೇಳಿತೇ ಹೊರತು ‘ಏಕೆ’ ಎಂಬುದನ್ನು ಹೇಳಲಿಲ್ಲ. ಅದು ತಿಳಿದದ್ದು ಕಳೆಯುವ ಕ್ರಿಯೆಯನ್ನು ಸ್ಥಾನ ಸ್ಥಾನವಾಗಿ ಬಿಡಿಸಿ ಬರೆದಾಗ. ಅತಿ ದೊಡ್ಡ ಮತ್ತು ಅತಿ ಚಿಕ್ಕ ಅಂಕಿಗಳ ವ್ಯತ್ಯಾಸವನ್ನು 999ರಿಂದ, ನಡುವಿನ ಎರಡು ಅಂಕಿಗಳ ವ್ಯತ್ಯಾಸವನ್ನು 90ರಿಂದ ಗುಣಿಸಿ ಕೂಡಿಸಿದರೆ ಮೊದಲ ಹೆಜ್ಜೆಯ ಉತ್ತರ ಸಿದ್ಧ. ಮೊದಲ ವ್ಯತ್ಯಾಸ 1ರಿಂದ 9ರವರೆಗೆ ಇರಬಹುದು, ಎರಡನೆಯದು ಸೊನ್ನೆಯಿಂದ ಮೊದಲನೆಯದರಷ್ಟೇ ಇರಬಹುದು. ಹಾಗಾಗಿ ಒಟ್ಟು ಜೋಡಿಗಳು 54 ಮಾತ್ರ. ಅವುಗಳ ಉತ್ತರಗಳಲ್ಲಿಯೂ ಅದೇ ಅಂಕಿಗಳು ಸ್ಥಾನ ಬದಲಿಸಿಕೊಂಡು ಬಂದವನ್ನು ಒಂದಾಗಿ ಎಣಿಸಿದರೆ ಉಳಿಯುವುದು 30. ಸಾವಿರಾರು ಸಂಖ್ಯೆಗಳ ಮಾತು ನೋಟುಪುಸ್ತಕದ ಎರಡು ಪುಟಗಳಲ್ಲಿ ಮುಗಿಯಿತು. ವ್ಯತ್ಯಾಸಗಳು 6 ಮತ್ತು 2 ಆಗಿರುವ ಸಾಲಿಗೆ ಬಂದು 5994ಕ್ಕೆ 180 ಕೂಡಿಸಿದಾಗ 6174 ಮೂಡಿದ ಗಳಿಗೆ ಇಡೀ ಮೂರು ತಿಂಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು.

ಮುಂದೆ ಸೊನ್ನೆಯಿಂದ ಆರಂಭವಾಗುವವನ್ನೂ ಸೇರಿಸಿ 9,990 ಸಂಖ್ಯೆಗಳನ್ನು ಹೆಜ್ಜೆಗಳ ಪ್ರಕಾರ ಎಣಿಸಿದೆ. ಒಂದೇ ಹೆಜ್ಜೆಯಲ್ಲಿ ತಲುಪುವವು 383, ಮೂರು ಹೆಜ್ಜೆಯವು 2,400, ಏಳು ಹೆಜ್ಜೆ ಬೇಕಾದವು 2,184. ಮೂರು ಹೆಜ್ಜೆಯ ಗುಂಪೇ ಎಲ್ಲಕ್ಕಿಂತ ದೊಡ್ಡದು.

ಹರ್ಷದ ಸಂಖ್ಯೆಗಳಿಗೆ ಒಂದು ಸಂಜೆ ಮಾತ್ರ ಕೊಟ್ಟೆ. ತನ್ನ ಅಂಕಿಗಳ ಮೊತ್ತದಿಂದ ನಿಶ್ಶೇಷವಾಗಿ ಭಾಗವಾಗುವ ಸಂಖ್ಯೆಗೆ, ಸಂತೋಷ ಕೊಡುವಂಥದ್ದು ಎಂಬ ಅರ್ಥದಲ್ಲಿ ಕಾಪ್ರೇಕರರು ಇಟ್ಟ ಹೆಸರು ಅದು. ರಾಮಾನುಜನ್ನರ 1729 ಅಂಥದ್ದು, 19ರಿಂದ ಭಾಗಿಸಿದರೆ 91. 6174 ಕೂಡ ಅಂಥದ್ದೇ, 18ರಿಂದ ಭಾಗಿಸಿದರೆ 343. 1905ನ್ನು 15ರಿಂದ ಭಾಗಿಸಿದರೆ 127 ಬರುತ್ತದೆ.

ಇಂಥ ಕೆಲಸವನ್ನು ಅವರ ಕಾಲದ ಅನೇಕ ಗಣಿತಜ್ಞರು ಹಗುರವಾಗಿ ಕಂಡರು. 1975ರಲ್ಲಿ ಮಾರ್ಟಿನ್ ಗಾರ್ಡ್ನರ್ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯ ತಮ್ಮ ಅಂಕಣದಲ್ಲಿ ಬರೆದ ಮೇಲೆ ಕಾಪ್ರೇಕರರ ಹೆಸರು ಲೋಕಕ್ಕೆಲ್ಲ ತಿಳಿಯಿತು. ಆ ಹೊತ್ತಿಗೆ ಅವರಿಗೆ 70 ವರ್ಷ. ಅಷ್ಟು ವರ್ಷ ಅವರು ಮೆಚ್ಚುಗೆಗಾಗಿ ಕಾಯದೆ ಲೆಕ್ಕ ಮಾಡುತ್ತಲೇ ಇದ್ದರು. ಅದನ್ನು ನೆನೆದಾಗಲೆಲ್ಲ ನನಗೆ ಅವರ ಮೇಲಿನ ಗೌರವ ಹೆಚ್ಚುತ್ತದೆ.

ಮುಂದಿನ ತಿಂಗಳಿಗೆ ದೇವಳಾಲಿಯ ಹೆಸರನ್ನೇ ಹೊತ್ತ ಸಂಖ್ಯೆಗಳನ್ನು ಇಟ್ಟುಕೊಂಡಿದ್ದೇನೆ. ಒಂದು ಸಂಖ್ಯೆಗೆ ಅದರ ಅಂಕಿಗಳ ಮೊತ್ತವನ್ನು ಕೂಡಿಸಿದರೆ ಇನ್ನೊಂದು ಸಂಖ್ಯೆ ಹುಟ್ಟುತ್ತದೆ. 15ರಿಂದ 21 ಹುಟ್ಟುತ್ತದೆ. 20 ಮಾತ್ರ ಯಾವುದರಿಂದಲೂ ಹುಟ್ಟುವುದಿಲ್ಲ. 31, 42, 53, 97 ಕೂಡ ಹಾಗೆಯೇ. ಇವುಗಳನ್ನು ನಾನು ಸ್ವಯಂಭೂ ಸಂಖ್ಯೆಗಳೆಂದು ಬರೆದುಕೊಂಡಿದ್ದೇನೆ. ಇದಕ್ಕೆ ವಿರುದ್ಧವಾಗಿ 101ಕ್ಕೆ ಎರಡು ಮೂಲಗಳಿವೆ, 91 ಮತ್ತು 100. ಮೂರು ಮೂಲಗಳಿರುವ ಅತಿ ಚಿಕ್ಕ ಸಂಖ್ಯೆ 10000000000001. ನಿನ್ನೆ ರಾತ್ರಿ ಹೊಸ ಪುಟದ ಮೇಲ್ತುದಿಯಲ್ಲಿ ಅದರ ಮೂರು ಮೂಲಗಳನ್ನು, 10000000000000, 9999999999901, 9999999999892 ಎಂದು, ಒಂದರ ಕೆಳಗೊಂದು ಬರೆದು, ಒಂದೊಂದರ ಅಂಕಿಗಳನ್ನೂ ಕೂಡಿಸಿದೆ: 1, 100, 109.